ಆಂಬುಲೆನ್ಸ್ ಬಿಲ್ಲಿಗೆ ವಿಮಾ ಕಂಪನಿ ‘ಇಲ್ಲ’ ಎಂದಾಗ: ಯಾವ ಬಾಗಿಲು ತಟ್ಟುವುದು?

‘ರೋಗಿಯ ಕಡೆಯವರ ಕೋರಿಕೆಯ ಮೇರೆಗೆ ಕಳುಹಿಸಲಾಗಿದೆ.’

ಸಕಲೇಶಪುರದ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ವೈದ್ಯರು ನನ್ನ ಭಾವನ ಚೀಟಿಯ ಕೊನೆಯಲ್ಲಿ ಗೀಚಿದ ಸಾಲು ಇದು. ಭಾವನಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ವೆಂಟಿಲೇಟರ್ ಇರುವ ಆಂಬುಲೆನ್ಸ್ ಬಾಗಿಲಿಗೆ ಬಂದು ನಿಂತಿತ್ತು, ಅಕ್ಕ ಕೈಚೀಲ ಹಿಡಿದುಕೊಂಡು ಆಗಲೇ ಹತ್ತಿ ಕುಳಿತಿದ್ದಳು. ಆ ಹೊತ್ತಿನಲ್ಲಿ ಚೀಟಿ ಓದುವವರು ಯಾರು? ಶಿರಾಡಿ ಘಾಟಿ ಇಳಿದು ಬೆಳಗಿನ ಜಾವ ಮಂಗಳೂರು ಸೇರಿದೆವು. ಭಾವ ಉಳಿದುಕೊಂಡರು. ಆಸ್ಪತ್ರೆಯ ಬಿಲ್ಲನ್ನು ವಿಮಾ ಕಂಪನಿ ತಕರಾರಿಲ್ಲದೆ ಕಟ್ಟಿತು. ಆಂಬುಲೆನ್ಸಿನ 18,500 ರೂಪಾಯಿಗೆ ಮಾತ್ರ ಒಂದು ಪುಟದ ಪತ್ರ ಬಂತು. ಹಾಸನ ಹತ್ತಿರವಿದ್ದರೂ ರೋಗಿಯನ್ನು ಸ್ವಂತ ಇಚ್ಛೆಯಿಂದ ದೂರದ ಊರಿಗೆ ಸಾಗಿಸಲಾಗಿದೆ, ಆದ್ದರಿಂದ ಆ ಹಣ ಕೊಡಲು ಬರುವುದಿಲ್ಲ ಎಂಬುದು ಅದರ ಸಾರಾಂಶ.

ಹಾಸನದ ಆಸ್ಪತ್ರೆಯೊಂದಕ್ಕೆ ಅದೇ ರಾತ್ರಿ ಫೋನ್ ಮಾಡಿದ್ದೆವು. ಐಸಿಯುವಿನಲ್ಲಿ ಹಾಸಿಗೆ ಖಾಲಿ ಇಲ್ಲ ಎಂದಿದ್ದರು. ಆ ಮಾತು ಯಾವ ಕಾಗದಕ್ಕೂ ಇಳಿದಿರಲಿಲ್ಲ.

ಅಂದಿನಿಂದ ನೆಂಟರು, ನೆರೆಹೊರೆಯವರು ಇಂಥ ಪತ್ರಗಳನ್ನು ತಂದು ನನ್ನ ಮುಂದೆ ಇಡುವುದು ರೂಢಿಯಾಗಿದೆ. ನಾನು ವಕೀಲನಲ್ಲ, ಪಾಲಿಸಿಯ ಸಣ್ಣಕ್ಷರ ಓದುವ ಚಟ ಹತ್ತಿದವನು ಅಷ್ಟೇ. ಎಲ್ಲರ ಪ್ರಶ್ನೆಯೂ ಒಂದೇ: ವಿಮಾ ದೂರುಗಳನ್ನು ಕೇಳಿ ತೀರ್ಪು ಕೊಡುವ ಒಂಬುಡ್ಸ್‌ಮನ್ ಬಳಿ ಹೋಗಲೇ, ಗ್ರಾಹಕ ಆಯೋಗಕ್ಕೆ ಹೋಗಲೇ, ಯಾರೋ ಹೇಳಿದ ಖಾಯಂ ಜನತಾ ನ್ಯಾಯಾಲಯಕ್ಕೆ ಹೋಗಲೇ, ಇಲ್ಲವೇ ಹಾಳಾಗಲಿ ಎಂದು ಬಿಟ್ಟುಬಿಡಲೇ? ಎಲ್ಲರಿಗೂ ಒಂದೇ ಉತ್ತರ ಹೇಳಿದರೆ ತಪ್ಪಾಗುತ್ತದೆ. ಜಗಳ ಯಾವ ಬಗೆಯದು ಎಂದು ತಿಳಿಯದೆ ಬಾಗಿಲು ಆರಿಸಿಕೊಂಡು ಎರಡು ವರ್ಷ ಕಳೆದುಕೊಂಡವರನ್ನು ಕಂಡಿದ್ದೇನೆ.

ಇಲ್ಲಿ ಹೇಳುವುದೆಲ್ಲ ವಿಮಾ ಕಂಪನಿಯಿಂದ ನೀವೇ ಕೊಂಡ ಪಾಲಿಸಿಗೆ ಅಥವಾ ನೌಕರಿ ಕೊಟ್ಟ ಸಂಸ್ಥೆ ಮಾಡಿಸಿದ ಗುಂಪು ವಿಮೆಗೆ ಸಂಬಂಧಿಸಿದ್ದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಇಎಸ್‌ಐ ಮುಂತಾದವುಗಳ ದೂರಿನ ದಾರಿಯೇ ಬೇರೆ. 108 ಆಂಬುಲೆನ್ಸಿನಲ್ಲಿ ಹೋಗಿದ್ದರೆ ಈ ಲೇಖನವೇ ಬೇಡ, ಏಕೆಂದರೆ ಆ ಸೇವೆಗೆ ಹಣವಿಲ್ಲ.

ಮೊದಲು ಜಗಳವನ್ನು ಗುರುತಿಸಿ

ಆಂಬುಲೆನ್ಸ್ ತಕರಾರುಗಳೆಲ್ಲ ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಒಳಗೆ ನೋಡಿದರೆ ಬೇರೆ ಬೇರೆ.

ತೀರಾ ಸಾಮಾನ್ಯವಾದದ್ದು ಮಿತಿಯ ತಕರಾರು. ಆರೋಗ್ಯ ಸಂಜೀವಿನಿ ಎಂಬ ಪ್ರಮಾಣಿತ ಪಾಲಿಸಿ 2020ರ ಏಪ್ರಿಲ್‌ನಲ್ಲಿ ಬಂದಾಗ ರಸ್ತೆ ಆಂಬುಲೆನ್ಸಿಗೆ ಇಟ್ಟ ಮಿತಿ ಒಂದು ಸಲದ ದಾಖಲಾತಿಗೆ 2,000 ರೂಪಾಯಿ. ನಿಮ್ಮ ಬಿಲ್ಲು 9,000 ಇದ್ದು ಪಾಲಿಸಿಯಲ್ಲಿ 2,000 ಎಂದು ಸ್ಪಷ್ಟವಾಗಿ ಬರೆದಿದ್ದರೆ, ಉಳಿದ 7,000ಕ್ಕೆ ಯಾವ ಬಾಗಿಲು ತಟ್ಟಿದರೂ ತೆರೆಯುವುದಿಲ್ಲ. ಅದು ಅನ್ಯಾಯ ಎನಿಸಬಹುದು, ಆದರೆ ಅದು ನೀವು ಸಹಿ ಹಾಕಿದ ಒಪ್ಪಂದ. ಇಂಥ ಪತ್ರ ಹಿಡಿದು ಬಂದವರಿಗೆ ನಾನು ಕಾಫಿ ಕೊಟ್ಟು ಕಳುಹಿಸುತ್ತೇನೆ.

ಎರಡನೆಯದು ‘ಹತ್ತಿರದ ಆಸ್ಪತ್ರೆ’ ತಕರಾರು, ಅಂದರೆ ನಮ್ಮ ಭಾವನದು. ಇಲ್ಲಿ ಪಾಲಿಸಿಯ ಪದಗಳನ್ನು ಬೆರಳಿಟ್ಟು ಓದಬೇಕು. ‘ಹತ್ತಿರದ ಆಸ್ಪತ್ರೆ’ ಎಂದಿದೆಯೋ ‘ಅಗತ್ಯ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆ’ ಎಂದಿದೆಯೋ? ಈ ಎರಡರ ನಡುವೆ ನೂರು ಕಿಲೋಮೀಟರ್ ಅಂತರವಿದೆ. ಪಾಲಿಸಿಯ ಮಾತು ಎರಡು ಅರ್ಥ ಕೊಡುವಂತಿದ್ದರೆ ಅದನ್ನು ಬರೆದ ಕಂಪನಿಗೆ ವಿರುದ್ಧವಾಗಿಯೇ ಅರ್ಥೈಸಬೇಕು ಎಂಬುದು ಸುಪ್ರೀಂ ಕೋರ್ಟ್ ಹಲವು ಬಾರಿ ಎತ್ತಿಹಿಡಿದಿರುವ ತತ್ವ. ಮಿತಿಯ ತಕರಾರಿನಲ್ಲಿ ಈ ಅಸ್ತ್ರ ಕೆಲಸಕ್ಕೆ ಬಾರದು, ಇಲ್ಲಿ ಬರುತ್ತದೆ.

ಮೂರನೆಯದು ‘ವೈದ್ಯಕೀಯ ಅಗತ್ಯ’ದ್ದು. ಏರ್ ಆಂಬುಲೆನ್ಸ್ ಬಿಲ್ಲುಗಳಲ್ಲಿ ಇದೇ ಮುಖ್ಯ. ರಸ್ತೆಯಲ್ಲಿ ಹೋಗಬಹುದಿತ್ತಲ್ಲ ಎಂದು ಕಂಪನಿ ಕೇಳುತ್ತದೆ. ಬಿಲ್ಲು ಲಕ್ಷಗಳಲ್ಲಿ ಇರುವುದರಿಂದ ಎರಡೂ ಕಡೆ ಹಟ ಹೆಚ್ಚು.

ನಾಲ್ಕನೆಯದು ಬಿಲ್ಲಿನ ಒಳಸಾಲುಗಳದ್ದು. ವಿಮಾ ಕಂಪನಿಗಳು ಕೊಡದೆ ಬಿಡಬಹುದಾದ ವಸ್ತುಗಳ ಪಟ್ಟಿಯೊಂದನ್ನು ವಿಮಾ ನಿಯಂತ್ರಣ ಪ್ರಾಧಿಕಾರವೇ ಹಿಂದೆ ಹೊರಡಿಸಿತ್ತು. ಅನೇಕ ಪಾಲಿಸಿಗಳ ಹಿಂಬದಿಯಲ್ಲಿ ಅದು ಅನುಬಂಧವಾಗಿ ಅಂಟಿಕೊಂಡಿರುತ್ತದೆ. ಆಂಬುಲೆನ್ಸ್ ಉಪಕರಣ, ಆಂಬುಲೆನ್ಸ್ ಕಾಲರ್, ಆಸ್ಪತ್ರೆಯ ಹೊರಗೆ ಬಳಸುವ ಆಮ್ಲಜನಕ ಸಿಲಿಂಡರ್ ಎಲ್ಲವೂ ಅದರಲ್ಲಿವೆ. ಹಾಗಾಗಿ ಬಾಡಿಗೆಗೆ ಹಣ ಬಂದು ಆಮ್ಲಜನಕಕ್ಕೆ ಬಾರದೆ ಹೋಗುವುದುಂಟು.

ಇನ್ನೊಂದು ಬಗೆಯಿದೆ, ಅದನ್ನು ಬರೆಯುವಾಗ ಕೈ ತಡೆಯುತ್ತದೆ. ರೋಗಿ ದಾರಿಯಲ್ಲೇ ತೀರಿಕೊಂಡಿರುತ್ತಾರೆ, ಅಥವಾ ತುರ್ತು ವಿಭಾಗಕ್ಕೆ ಬಂದ ಅರ್ಧ ಗಂಟೆಯಲ್ಲಿ. ಆಸ್ಪತ್ರೆಯಲ್ಲಿ ‘ದಾಖಲಾತಿ’ ಆಗಿಲ್ಲ, ದಾಖಲಾತಿಯ ಕ್ಲೇಮು ಮಂಜೂರಾದರೆ ಮಾತ್ರ ಆಂಬುಲೆನ್ಸ್ ವೆಚ್ಚ ಸಿಗುತ್ತದೆ, ಆದ್ದರಿಂದ ಇಲ್ಲ ಎಂದು ಕಂಪನಿ ಬರೆಯುತ್ತದೆ.

ತೂಗುವ ಮಾನದಂಡಗಳು

ಜಗಳದ ಬಗೆ ತಿಳಿದ ಮೇಲೆ ನಾನು ನೋಡುವುದು ಐದು ಸಂಗತಿ. ಎದುರಾಳಿ ಯಾರು: ವಿಮಾ ಕಂಪನಿ ಮಾತ್ರವೋ, ಆಂಬುಲೆನ್ಸಿನವರು ಮತ್ತು ಆಸ್ಪತ್ರೆಯವರೂ ಸೇರಿಯೋ? ಬೇಕಾದದ್ದು ಏನು: ಕೊಟ್ಟ ಹಣ ಮಾತ್ರವೋ, ಅನುಭವಿಸಿದ ತೊಂದರೆಗೆ ಪರಿಹಾರವೂ ಬೇಕೋ? ಖರ್ಚು ಎಷ್ಟು, ಅದರಲ್ಲಿ ನಿಮ್ಮ ರಜೆ ಮತ್ತು ಓಡಾಟವೂ ಸೇರಲಿ. ಎಷ್ಟು ಕಾಲದ ಒಳಗೆ ದೂರು ಕೊಡಬೇಕು, ಎಷ್ಟು ಕಾಲದಲ್ಲಿ ತೀರ್ಮಾನವಾದೀತು? ಜನ ಕೇಳುವುದನ್ನೇ ಮರೆಯುವ ಐದನೆಯದು, ಈ ಬಾಗಿಲೊಳಗೆ ಕಾಲಿಟ್ಟರೆ ಉಳಿದ ಬಾಗಿಲುಗಳು ಮುಚ್ಚುತ್ತವೆಯೇ ಎಂಬುದು.

ನನ್ನ ಅನುಭವದಲ್ಲಿ ಐದನೆಯದೇ ಎಲ್ಲಕ್ಕಿಂತ ತೂಕದ್ದು.

ಕಂಪನಿಯ ಸ್ವಂತ ದೂರು ವಿಭಾಗ

ಇದು ಆಯ್ಕೆಯಲ್ಲ, ಒಂಬುಡ್ಸ್‌ಮನ್ ಬಳಿ ಹೋಗುವವರು ದಾಟಲೇಬೇಕಾದ ಹೊಸ್ತಿಲು. ಪ್ರತಿ ಕಂಪನಿಯಲ್ಲೂ ದೂರು ಅಧಿಕಾರಿ ಇರುತ್ತಾರೆ, ದೂರನ್ನು ಎರಡು ವಾರದಲ್ಲಿ ಇತ್ಯರ್ಥ ಮಾಡಬೇಕು. ಟಿಪಿಎ, ಅಂದರೆ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆಯ ಕಚೇರಿಗೆ ಬರೆದ ಹತ್ತು ಮಿಂಚಂಚೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಯ ದೂರು ಅಧಿಕಾರಿಗೇ ಬರೆಯಿರಿ, ದೂರಿನ ಸಂಖ್ಯೆ ಪಡೆದುಕೊಳ್ಳಿ.

ಏನು ಬರೆಯಬೇಕು? ಕೋಪವನ್ನಲ್ಲ. 2024ರ ಮೇ ತಿಂಗಳಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಆರೋಗ್ಯ ವಿಮೆಯ ಸಮಗ್ರ ಸುತ್ತೋಲೆಯ ಪ್ರಕಾರ, ಕಂಪನಿಯ ಪರಾಮರ್ಶೆ ಸಮಿತಿ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಮೇಲೆ ಎಂದು ತಿಳಿಸಲೇಬೇಕು. ಆದ್ದರಿಂದ ಎರಡೇ ಪ್ರಶ್ನೆ ಕೇಳಿ: ಯಾವ ಷರತ್ತು? ಸಮಿತಿ ಇದನ್ನು ನೋಡಿದೆಯೇ? ಈ ಎರಡು ಸಾಲಿಗೇ ಹಣ ಬಿಡುಗಡೆಯಾದದ್ದನ್ನು ನೋಡಿದ್ದೇನೆ. ಬಾರದಿದ್ದರೂ ಲಾಭವಿದೆ. ತಿರಸ್ಕಾರದ ಪತ್ರದಲ್ಲಿ ಹೇಳದ ಹೊಸ ಕಾರಣಗಳನ್ನು ಕಂಪನಿ ಆಮೇಲೆ ವ್ಯಾಜ್ಯದಲ್ಲಿ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅವರ ಕಾರಣವನ್ನು ಬರಹದಲ್ಲಿ ಕಟ್ಟಿಹಾಕಿದಷ್ಟೂ ನಿಮ್ಮ ಮುಂದಿನ ದಾರಿ ಸಲೀಸು.

ಉತ್ತರ ಬಾರದಿದ್ದರೆ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲಿ ದೂರು ದಾಖಲಿಸಬಹುದು. ಇದರ ಬಗ್ಗೆ ಜನರಿಗೆ ಅತಿಯಾದ ಭರವಸೆ ಇದೆ. ಪ್ರಾಧಿಕಾರ ನಿಮ್ಮ ಜಗಳವನ್ನು ತೀರ್ಮಾನಿಸುವುದಿಲ್ಲ. ದೂರನ್ನು ಕಂಪನಿಗೆ ದಾಟಿಸಿ, ಉತ್ತರ ಬಂತೇ ಎಂದು ಗಮನಿಸುತ್ತದೆ. ಮೌನವಾಗಿ ಕುಳಿತ ಕಂಪನಿಯನ್ನು ಮಾತನಾಡಿಸಲು ಅದು ಸಾಕು, ‘ಇಲ್ಲ’ವನ್ನು ‘ಹೌದು’ ಮಾಡಿಸಲು ಸಾಲದು.

ಗುಂಪು ವಿಮೆಯವರಿಗೆ ಒಂದು ಕಿವಿಮಾತು. ದೂರು ಬರೆಯುವ ಮೊದಲು ನಿಮ್ಮ ಸಂಸ್ಥೆಯ ಸಿಬ್ಬಂದಿ ವಿಭಾಗಕ್ಕೆ ಹೋಗಿ. ಇಂಥ ಪಾಲಿಸಿಗಳಲ್ಲಿ ಕೆಲವು ಸಲ ‘ಕಾರ್ಪೊರೇಟ್ ಬಫರ್’ ಎಂಬ ಮೀಸಲು ಹಣವಿರುತ್ತದೆ, ಅದನ್ನು ಯಾರಿಗೆ ಕೊಡಬೇಕೆಂಬುದರಲ್ಲಿ ಸಂಸ್ಥೆಯ ಮಾತಿಗೆ ಬೆಲೆಯಿದೆ. ಪಾಲಿಸಿಯ ಪೂರ್ತಿ ಪ್ರತಿಯೂ ಅವರ ಬಳಿಯೇ ಇರುತ್ತದೆ. ನಿಮ್ಮ ಕೈಯಲ್ಲಿರುವ ಕಾರ್ಡಿನ ಹಿಂಬದಿ ಪಾಲಿಸಿಯಲ್ಲ.

ವಿಮಾ ಒಂಬುಡ್ಸ್‌ಮನ್

ವಿಮಾ ಒಂಬುಡ್ಸ್‌ಮನ್ ನಿಯಮಗಳು 2017ರವು. ಕರ್ನಾಟಕಕ್ಕೆ ಬೆಂಗಳೂರಿನ ಕಚೇರಿ. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ, ನೀವೇ ವಾದಿಸಬೇಕು. ರೋಗಿ ತೀರಿಕೊಂಡಿದ್ದರೆ ವಾರಸುದಾರರು ಅಥವಾ ನಾಮಿನಿ ದೂರು ಕೊಡಬಹುದು. ದೂರನ್ನು ಆನ್‌ಲೈನಿನಲ್ಲೂ ಸಲ್ಲಿಸಬಹುದು. 30 ಲಕ್ಷದವರೆಗೆ ಇದ್ದ ಅಧಿಕಾರ ಮಿತಿಯನ್ನು 2023ರಲ್ಲಿ 50 ಲಕ್ಷಕ್ಕೆ ಏರಿಸಿದ್ದರಿಂದ ಏರ್ ಆಂಬುಲೆನ್ಸ್ ಬಿಲ್ಲೂ ಇದರೊಳಗೆ ಸಲೀಸಾಗಿ ಕೂರುತ್ತದೆ.

ಷರತ್ತುಗಳು ಕೆಲವೇ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು. ಅವರು ತಿರಸ್ಕರಿಸಿರಬೇಕು, ಇಲ್ಲವೇ ಒಂದು ತಿಂಗಳು ಕಳೆದರೂ ಉತ್ತರಿಸದೆ ಇರಬೇಕು. ಅಲ್ಲಿಂದ ಒಂದು ವರ್ಷದೊಳಗೆ ಒಂಬುಡ್ಸ್‌ಮನ್‌ಗೆ ಬರೆಯಬೇಕು. ಅದೇ ವಿಷಯ ನ್ಯಾಯಾಲಯದಲ್ಲೋ ಗ್ರಾಹಕ ಆಯೋಗದಲ್ಲೋ ಇದ್ದರೆ, ಅಥವಾ ಅಲ್ಲಿ ತೀರ್ಮಾನವಾಗಿದ್ದರೆ, ಇಲ್ಲಿ ತೆಗೆದುಕೊಳ್ಳುವುದಿಲ್ಲ.

ಈ ಕೊನೆಯ ಷರತ್ತನ್ನು ಮತ್ತೊಮ್ಮೆ ಓದಿ. ಆಯೋಗಕ್ಕೆ ಹೋದವರು ಒಂಬುಡ್ಸ್‌ಮನ್ ಬಳಿ ವಾಪಸು ಬರಲಾರರು. ಒಂಬುಡ್ಸ್‌ಮನ್ ಬಳಿ ಸೋತವರು ಆಯೋಗಕ್ಕೆ ಹೋಗಬಲ್ಲರು. ಒಂಬುಡ್ಸ್‌ಮನ್ ಕೊಟ್ಟ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಆದರೆ ಅಲ್ಲಿ ರಾಜಿಗೆ ಒಪ್ಪಿ ‘ಇದೇ ಅಂತಿಮ’ ಎಂದು ಬರೆದುಕೊಟ್ಟರೆ ಮಾತು ಬೇರೆ. ಅಲ್ಲಿಗೆ ಅದು ಮುಗಿಯಿತು. ರಾಜಿ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ರಾತ್ರಿ ಮಲಗಿ ಏಳಿ.

ದಾಖಲೆಗಳೆಲ್ಲ ಕೈಸೇರಿದ ಮೂರು ತಿಂಗಳಲ್ಲಿ ತೀರ್ಪು ಬರಬೇಕು, ಬಂದ ಮೂವತ್ತು ದಿನಗಳಲ್ಲಿ ಕಂಪನಿ ಅದನ್ನು ಪಾಲಿಸಬೇಕು. ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರನಿಗೇ ದಂಡ ಕೊಡಬೇಕೆಂದು 2024ರ ಸುತ್ತೋಲೆ ಹೇಳುತ್ತದೆ. ಸಣ್ಣ ಬಿಲ್ಲಿನವರಿಗೆ ಇದು ದೊಡ್ಡ ಬಲ. 18,500 ರೂಪಾಯಿಯನ್ನು ತಡೆದಿಟ್ಟುಕೊಂಡರೆ ನಾಲ್ಕೇ ದಿನದಲ್ಲಿ ದಂಡ ಅಸಲನ್ನು ದಾಟುತ್ತದೆ.

ಕೊರತೆ ಏನು? ಒಂಬುಡ್ಸ್‌ಮನ್ ನಿಮಗೆ ನೇರವಾಗಿ ಆದ ನಷ್ಟವನ್ನು ಮತ್ತು ನಿಯಮದ ಪ್ರಕಾರದ ಬಡ್ಡಿಯನ್ನು ಕೊಡಿಸಬಲ್ಲರು. ಮಾನಸಿಕ ಯಾತನೆಗೆ ಪರಿಹಾರ ಕೊಡಿಸಲಾರರು. ಆಂಬುಲೆನ್ಸಿನವರನ್ನೋ ಆಸ್ಪತ್ರೆಯವರನ್ನೋ ಕರೆಸಿ ಅವರ ಮೇಲೆ ಆದೇಶ ಮಾಡಲಾರರು, ಅವರ ಅಧಿಕಾರ ವಿಮಾ ಕಂಪನಿ ಮತ್ತು ವಿಮಾ ಮಧ್ಯವರ್ತಿಗಳಿಗೆ ಸೀಮಿತ. ಸಾಕ್ಷಿಗಳ ಪಾಟೀ ಸವಾಲೂ ಇಲ್ಲಿಲ್ಲ, ಕಾಗದವೇ ಮಾತನಾಡಬೇಕು.

ನಮ್ಮ ಭಾವನ ವಿಷಯದಲ್ಲಿ ನಾವು ಆರಿಸಿದ್ದು ಇದನ್ನೇ. ಕಾಗದ ಮಾತನಾಡಬೇಕು ಎಂದೆನಲ್ಲ, ನಮ್ಮ ಕಾಗದ ನಮಗೇ ವಿರುದ್ಧವಾಗಿ ಮಾತನಾಡುತ್ತಿತ್ತು. ಅಕ್ಕನೂ ನಾನೂ ಸಕಲೇಶಪುರಕ್ಕೆ ಹೋಗಿ ಆ ವೈದ್ಯರನ್ನು ಹುಡುಕಿದೆವು. ಎಳೆಯ ಹುಡುಗ. ಚೀಟಿಯನ್ನು ತೋರಿಸಿದಾಗ ಅವನ ಮುಖ ಸಣ್ಣದಾಯಿತು. ‘ಎಲ್ಲ ಚೀಟಿಯಲ್ಲೂ ಹಾಗೇ ಬರೆಯುವುದು ಅಮ್ಮಾ, ನಾಳೆ ನಮ್ಮ ಮೇಲೆ ಮಾತು ಬರಬಾರದು ಎಂದು’ ಎಂದ. ಚೀಟಿಯನ್ನು ತಿದ್ದಬೇಡಿ, ತಿದ್ದಿದರೆ ಅದು ಇನ್ನೊಂದು ಅಪರಾಧವಾಗುತ್ತದೆ ಎಂದು ನಾನೇ ಹೇಳಿದೆ. ಆಸ್ಪತ್ರೆಯ ದಾಖಲೆ ನೋಡಿಕೊಂಡು, ನಾವು ಹೋದ ದಿನದ ದಿನಾಂಕವನ್ನೇ ಹಾಕಿ, ಬೇರೊಂದು ಪ್ರಮಾಣಪತ್ರ ಕೊಟ್ಟ. ರೋಗಿಗೆ ನರಶಸ್ತ್ರಚಿಕಿತ್ಸೆಯ ಅಗತ್ಯವಿತ್ತು, ಆ ಸೌಲಭ್ಯ ತಮ್ಮಲ್ಲಿಲ್ಲ, ವೆಂಟಿಲೇಟರ್ ಇಲ್ಲದೆ ಸಾಗಿಸುವಂತಿರಲಿಲ್ಲ ಎಂದು ಮೂರು ಸಾಲು. ಹಾಸನಕ್ಕೆ ಮಾಡಿದ ಕರೆಯ ದಾಖಲೆಯನ್ನು ಅಕ್ಕನ ಮೊಬೈಲಿನಿಂದ ತೆಗೆದು ಲಗತ್ತಿಸಿದೆವು.

ವಿಚಾರಣೆ ವಿಡಿಯೊ ಕರೆಯಲ್ಲಿ ಇಪ್ಪತ್ತು ನಿಮಿಷ ನಡೆಯಿತು. ಕಂಪನಿಯ ಪ್ರತಿನಿಧಿ ‘ಕೋರಿಕೆಯ ಮೇರೆಗೆ’ ಎಂಬ ಪದವನ್ನು ನಾಲ್ಕು ಸಲ ಓದಿದರು. ಹಾಸನದಲ್ಲಿ ಆ ರಾತ್ರಿ ಹಾಸಿಗೆ ಇತ್ತೆಂದು ತೋರಿಸಲು ನಿಮ್ಮಲ್ಲಿ ಏನಿದೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. 17,300 ರೂಪಾಯಿ ಬಂತು. 1,200 ಆಮ್ಲಜನಕದ ಲೆಕ್ಕದಲ್ಲಿ ಹೋಯಿತು. ಅದಕ್ಕಾಗಿ ಆಯೋಗಕ್ಕೆ ಹೋಗಬಹುದಿತ್ತು. ಅಕ್ಕ ಒಂದು ಕ್ಷಣ ಯೋಚಿಸಿ ಬೇಡ ಎಂದಳು.

ಗ್ರಾಹಕ ಆಯೋಗ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಈ ಬಾಗಿಲು ಮೊದಲಿಗಿಂತ ಅಗಲವಾಗಿದೆ. ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ಚಿಂತೆಯಿಲ್ಲ. ಯಾವ ಆಯೋಗ ಎಂಬುದನ್ನು ನೀವು ಕೇಳುವ ಪರಿಹಾರವಲ್ಲ, ನೀವು ಕೊಟ್ಟ ಹಣ, ಅಂದರೆ ಪ್ರೀಮಿಯಂ, ತೀರ್ಮಾನಿಸುತ್ತದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಮನೆಮಂದಿಯ ಆರೋಗ್ಯ ವಿಮೆಯ ಪ್ರೀಮಿಯಂ ಅದನ್ನು ದಾಟುವುದು ತೀರಾ ಅಪರೂಪವಾದ್ದರಿಂದ, ಎಂಟು ಲಕ್ಷದ ಏರ್ ಆಂಬುಲೆನ್ಸ್ ಜಗಳಕ್ಕೂ ಶುಲ್ಕ ಸೊನ್ನೆ. ಕ್ಲೇಮು ತಿರಸ್ಕಾರವಾದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ತಡವಾದರೆ ತಕ್ಕ ಕಾರಣ ಕೊಟ್ಟು ಮನ್ನಿಸುವಂತೆ ಕೇಳಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಕಂಪನಿಗೆ ಮೇಲಿಂದ ಮೇಲೆ ನೆನಪೋಲೆ ಬರೆಯುತ್ತಿದ್ದರೆ ಗಡುವು ಮುಂದಕ್ಕೆ ಹೋಗುತ್ತದೆ ಎಂಬುದು ಸುಳ್ಳು ಸಮಾಧಾನ.

ಇದರ ನಿಜವಾದ ಶಕ್ತಿ ಎರಡು. ಮೊದಲನೆಯದಾಗಿ, ಎಲ್ಲರನ್ನೂ ಒಂದೇ ಕಟಕಟೆಗೆ ತರಬಹುದು. ಕ್ಯಾಷ್‌ಲೆಸ್ ಎಂದು ಹೇಳಿ ಆಸ್ಪತ್ರೆ ಆಂಬುಲೆನ್ಸ್ ಕರೆಸಿತು, ಆಂಬುಲೆನ್ಸಿನವರು ದಾರಿಯಲ್ಲೇ ಹಣ ಕಕ್ಕಿಸಿದರು, ವಿಮಾ ಕಂಪನಿ ಬಿಲ್ಲಿನಲ್ಲಿ ವಾಹನದ ನೋಂದಣಿ ಸಂಖ್ಯೆಯಿಲ್ಲ ಎಂದು ಕೈತೊಳೆದುಕೊಂಡಿತು ಎಂದಿಟ್ಟುಕೊಳ್ಳಿ. ಇಂಥಲ್ಲಿ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಮೂವರನ್ನೂ ಎದುರುದಾರರನ್ನಾಗಿ ಮಾಡಿದರೆ ಬೆರಳು ತೋರಿಸುವ ಆಟ ನಿಲ್ಲುತ್ತದೆ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎರಡನೆಯದಾಗಿ, ಯಾತನೆಗೆ ಪರಿಹಾರ ಮತ್ತು ವ್ಯಾಜ್ಯದ ಖರ್ಚು ಕೇಳಬಹುದು. ಕಂಪನಿಯ ನಡವಳಿಕೆಯೇ ನಿಮ್ಮ ಮುಖ್ಯ ದೂರಾಗಿದ್ದರೆ, ಅಂದರೆ ಒಂದೇ ದಾಖಲೆಯನ್ನು ಐದು ಸಲ ಕೇಳಿದರು, ಸುಳ್ಳು ಕಾರಣ ಕೊಟ್ಟರು ಎಂದಾದರೆ, ಅದನ್ನು ಹಣಕ್ಕೆ ತಿರುಗಿಸುವ ಜಾಗ ಇದು.

ಬೆಲೆ ತೆರಬೇಕಾದದ್ದು ಕಾಲದ ರೂಪದಲ್ಲಿ. ಎದುರುದಾರರಿಗೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ‘ಪ್ರಯತ್ನಿಸಬೇಕು’ ಎಂಬ ಪದದ ಮೇಲೆ ಎಷ್ಟೋ ಕಡತಗಳು ಮಲಗಿವೆ. ಎದುರುದಾರರು 45 ದಿನದೊಳಗೆ ಉತ್ತರ ಹಾಕದಿದ್ದರೆ ಅವರ ಅವಕಾಶ ಹೋಯಿತು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಬಿಗಿ ಮಾಡಿರುವುದು ಒಂದಿಷ್ಟು ಚುರುಕು ತಂದಿದೆ. ಗೆದ್ದ ಮೇಲೂ ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಹೋಗಬೇಕಾದರೆ ಅರ್ಧ ಹಣ ಠೇವಣಿ ಇಡಬೇಕು. ವಕೀಲರಿಲ್ಲದೆ ನೀವೇ ವಾದಿಸಲು ಅಡ್ಡಿಯಿಲ್ಲ, ಇ-ಜಾಗೃತಿ ಜಾಲತಾಣದಲ್ಲಿ ದೂರು ಸಲ್ಲಿಸಬಹುದು, ವಿಡಿಯೊ ವಿಚಾರಣೆ ಕೋರಬಹುದು. ಆದರೂ ಅಫಿಡವಿಟ್, ಲಿಖಿತ ವಾದ ಎಂದೆಲ್ಲ ಬಂದಾಗ ಬಹುಪಾಲು ಜನ ವಕೀಲರನ್ನು ಹಿಡಿಯುತ್ತಾರೆ. 12,000 ರೂಪಾಯಿ ಬಿಲ್ಲಿಗೆ 15,000 ವಕೀಲರ ಶುಲ್ಕ ತೆತ್ತವರು ನನಗೆ ಗೊತ್ತು. ಅವರಿಗೆ ಸಿಕ್ಕ ತೃಪ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ, ಲೆಕ್ಕವನ್ನು ಮಾತ್ರ ಒಪ್ಪುವುದಿಲ್ಲ.

ಖಾಯಂ ಜನತಾ ನ್ಯಾಯಾಲಯ

ಇದು ಹೆಚ್ಚು ಜನರಿಗೆ ತಿಳಿಯದ ಬಾಗಿಲು. ಆಗಾಗ ನಡೆಯುವ ಲೋಕ ಅದಾಲತ್ ಬೇರೆ, ಇದು ಬೇರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಸಾರ್ವಜನಿಕ ಉಪಯುಕ್ತ ಸೇವೆಗಳ ವ್ಯಾಜ್ಯಕ್ಕೆಂದೇ ಇರುವ ಕಾಯಂ ಪೀಠ. ಆ ಸೇವೆಗಳ ಪಟ್ಟಿಯಲ್ಲಿ ವಿಮೆ ಇದೆ, ಆಸ್ಪತ್ರೆ ಇದೆ, ರಸ್ತೆ ಮತ್ತು ವಾಯು ಸಾರಿಗೆಯೂ ಇದೆ. ಆಂಬುಲೆನ್ಸ್ ಜಗಳದ ಎಳೆಗಳೆಲ್ಲ ಅದರಲ್ಲೇ ಸಿಗುತ್ತವೆ! ಒಂದು ಕೋಟಿ ರೂಪಾಯಿವರೆಗಿನ ವ್ಯಾಜ್ಯ ಕೊಂಡೊಯ್ಯಬಹುದು, ನ್ಯಾಯಾಲಯ ಶುಲ್ಕವಿಲ್ಲ.

ಮೊದಲು ರಾಜಿಗೆ ಯತ್ನಿಸುತ್ತಾರೆ. ಆಗದಿದ್ದರೆ ಪೀಠವೇ ಗುಣಾವಗುಣ ನೋಡಿ ತೀರ್ಪು ಕೊಡಬಲ್ಲದು. ಕರ್ನಾಟಕದಿಂದಲೇ ಹೋದ ಕೆನರಾ ಬ್ಯಾಂಕ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಈ ಅಧಿಕಾರವನ್ನು ಎತ್ತಿಹಿಡಿದು, ರಾಜಿಯ ಹಂತವನ್ನು ಮಾತ್ರ ಹಾರಿಸಿಬಿಡುವಂತಿಲ್ಲ ಎಂದಿತು. ಇಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ, ಹೈಕೋರ್ಟಿಗೆ ರಿಟ್ ಅರ್ಜಿ ಮಾತ್ರ. ಅದೇ ಇದರ ಸೊಗಸೂ ಹೌದು, ಅಪಾಯವೂ ಹೌದು. ಗೆದ್ದರೆ ಕಂಪನಿ ಮೇಲಿಂದ ಮೇಲೆ ಎಳೆದಾಡಲಾರದು. ಸೋತರೆ ನಿಮಗೂ ಹೆಚ್ಚು ದಾರಿಯಿಲ್ಲ. ವ್ಯಾಜ್ಯ ಬೇರೆ ನ್ಯಾಯಾಲಯ ಮುಟ್ಟುವ ಮೊದಲೇ ಇಲ್ಲಿಗೆ ಬಂದಿರಬೇಕು, ಇಲ್ಲಿಗೆ ಬಂದ ಮೇಲೆ ಅದೇ ವಿಷಯವನ್ನು ಬೇರೆ ನ್ಯಾಯಾಲಯಕ್ಕೆ ಒಯ್ಯುವಂತಿಲ್ಲ. ಜೊತೆಗೆ ಎಲ್ಲ ಜಿಲ್ಲೆಗೂ ಪ್ರತ್ಯೇಕ ಪೀಠವಿಲ್ಲ. ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಸೇರುತ್ತದೆ ಎಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಎದುರುದಾರರು ಇಬ್ಬರು ಮೂವರಿದ್ದು, ಎಲ್ಲರೂ ಅಷ್ಟಿಷ್ಟು ಬಿಟ್ಟುಕೊಟ್ಟರೆ ಸಾಕು ಎಂಬ ಮನಸ್ಸಿದ್ದರೆ, ನಾನು ಗ್ರಾಹಕ ಆಯೋಗಕ್ಕಿಂತ ಇದನ್ನೇ ಮೊದಲು ಸೂಚಿಸುತ್ತೇನೆ. ಆಂಬುಲೆನ್ಸಿನವರ ಮಿತಿಮೀರಿದ ದರದ ಜಗಳಕ್ಕೆ ಇದು ಹೇಳಿ ಮಾಡಿಸಿದ ಜಾಗ.

ಸಿವಿಲ್ ನ್ಯಾಯಾಲಯದ ಬಗ್ಗೆ ಒಂದೇ ಮಾತು. ಮೂರು ವರ್ಷದ ಕಾಲಮಿತಿ ಇರುವುದರಿಂದ, ಉಳಿದೆಲ್ಲ ಗಡುವು ತಪ್ಪಿಸಿಕೊಂಡವರಿಗೆ ಅದೊಂದು ಉಳಿದಿರುತ್ತದೆ. ದೊಡ್ಡ ಮೊತ್ತವಿಲ್ಲದಿದ್ದರೆ ಆ ಕಡೆ ತಲೆ ಹಾಕಬೇಡಿ.

ಯಾರಿಗೆ ಯಾವುದು

ಬಿಲ್ಲು ಐದು ಸಾವಿರದೊಳಗೆ ಇದ್ದು ಪಾಲಿಸಿಯಲ್ಲಿ ಮಿತಿ ಬರೆದಿದ್ದರೆ ಬಿಟ್ಟುಬಿಡಿ. ಮುಂದಿನ ನವೀಕರಣದ ವೇಳೆ ಮಿತಿಯಿಲ್ಲದ ಪಾಲಿಸಿ ಹುಡುಕುವುದಕ್ಕೆ ಆ ಸಿಟ್ಟನ್ನು ಬಳಸಿ.

ಹತ್ತು ಸಾವಿರದಿಂದ ಒಂದೆರಡು ಲಕ್ಷದವರೆಗಿನ ಬಿಲ್ಲು, ಎದುರಾಳಿ ವಿಮಾ ಕಂಪನಿ ಒಬ್ಬರೇ, ಜಗಳ ಪಾಲಿಸಿಯ ಪದಗಳ ಮೇಲೆ ಎಂದಾದರೆ ಎರಡನೆಯ ಯೋಚನೆಯಿಲ್ಲದೆ ಒಂಬುಡ್ಸ್‌ಮನ್. ಸೋತರೂ ಆಯೋಗದ ಬಾಗಿಲು ತೆರೆದಿರುತ್ತದೆ. ಆದರೆ ತಿರಸ್ಕಾರವಾದ ದಿನದಿಂದ ಎರಡು ವರ್ಷದ ಗಡಿಯಾರ ಓಡುತ್ತಲೇ ಇದೆ ಎಂದುಕೊಂಡೇ ನಡೆಯಿರಿ. ಒಂಬುಡ್ಸ್‌ಮನ್‌ಗೆ ಬರೆಯಲು ಹನ್ನೊಂದನೆಯ ತಿಂಗಳವರೆಗೆ ಕಾದರೆ ಆ ಅನುಕೂಲವನ್ನು ನೀವೇ ಕೊಂದಂತೆ.

ಏರ್ ಆಂಬುಲೆನ್ಸಿನ ವಿಷಯದಲ್ಲಿ ನನ್ನ ಮನಸ್ಸು ಎರಡು ಕಡೆಗೂ ವಾಲುತ್ತದೆ. ಸಾಗಿಸಿದ ದಿನವೇ ಬರೆದ ವೈದ್ಯರ ಪ್ರಮಾಣಪತ್ರ ಗಟ್ಟಿಯಾಗಿದ್ದರೆ ಒಂಬುಡ್ಸ್‌ಮನ್ ಸಾಕು. ಪ್ರಮಾಣಪತ್ರ ದುರ್ಬಲವಾಗಿದ್ದು, ತಜ್ಞರ ಅಭಿಪ್ರಾಯ, ರೋಗಿಯ ಸ್ಥಿತಿಯ ವಿವರ ಎಂದು ಕಥೆಯನ್ನು ಬಿಡಿಸಿ ಹೇಳಬೇಕಾಗಿದ್ದರೆ ಆಯೋಗದಲ್ಲಿ ಅದಕ್ಕೆ ಹೆಚ್ಚು ಅವಕಾಶವಿದೆ. ಇಷ್ಟು ದೊಡ್ಡ ಮೊತ್ತಕ್ಕೆ ವಕೀಲರ ಖರ್ಚೂ ಹೊರೆಯಾಗದು.

ದಾರಿಯಲ್ಲೇ ಜೀವ ಹೋದ ಮನೆಯವರಿಗೆ ನಾನು ಅವಸರ ಮಾಡುವುದಿಲ್ಲ. ತಿಥಿ ಮುಗಿಯಲಿ. ಆಮೇಲೆ ಆಂಬುಲೆನ್ಸಿನ ಷರತ್ತನ್ನು ಬಿಡಿಸಿ ಓದಿ. ‘ದಾಖಲಾತಿಯ ನಂತರ’ ಎಂದಿದೆಯೋ ‘ದಾಖಲಾತಿಗಾಗಿ’ ಎಂದಿದೆಯೋ? ಎರಡನೆಯದಾದರೆ ದಾಖಲಾಗಲೆಂದೇ ಕೊಂಡೊಯ್ದದ್ದು ಎಂಬ ವಾದ ನಿಲ್ಲುತ್ತದೆ. ಕೋರ್ಟು ಕಚೇರಿ ಅಲೆಯುವ ಸ್ಥಿತಿಯಲ್ಲಿ ಇರದ ಆ ಮನೆಗೆ ಒಂಬುಡ್ಸ್‌ಮನ್ ಬಾಗಿಲೇ ಮೇಲು.

ಯಾವ ಬಾಗಿಲಿಗೆ ಹೋದರೂ ಕೇಳುವ ಕಾಗದಗಳು ಹೆಚ್ಚುಕಡಿಮೆ ಅವೇ. ಆಂಬುಲೆನ್ಸಿನ ಮೂಲ ಬಿಲ್ಲು, ಅದರಲ್ಲಿ ವಾಹನದ ನೋಂದಣಿ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಹೊರಟ ಮತ್ತು ತಲುಪಿದ ಸಮಯ, ಬಾಡಿಗೆ ಬೇರೆ, ನರ್ಸ್ ಮತ್ತು ಆಮ್ಲಜನಕದ ಲೆಕ್ಕ ಬೇರೆ. ಹಣ ಕೊಟ್ಟ ರಸೀದಿ. ಎರಡೂ ಆಸ್ಪತ್ರೆಗಳ ಕಾಗದ. ಪಾಲಿಸಿಯ ಪೂರ್ತಿ ಪ್ರತಿ. ತಿರಸ್ಕಾರದ ಪತ್ರ, ಅದು ತಲುಪಿದ ದಿನಾಂಕದ ಪುರಾವೆ. ಇವುಗಳ ಜೊತೆಗೆ, ಆಂಬುಲೆನ್ಸ್ ಹೊರಡುವ ಮುನ್ನ ವೈದ್ಯರಿಂದ ಬರೆಸಿಕೊಳ್ಳಬೇಕಾದ ಒಂದು ಸಾಲು. ಅಕ್ಕ ಅದನ್ನು ತನ್ನ ಮೊಬೈಲಿನಲ್ಲಿ ಟೈಪ್ ಮಾಡಿಟ್ಟುಕೊಂಡಿದ್ದಾಳೆ, ನೆಂಟರಿಗೆಲ್ಲ ಕಳುಹಿಸಿದ್ದಾಳೆ: ‘ಈ ರೋಗಿಗೆ ತುರ್ತಾಗಿ ಬೇಕಾದ ಇಂಥ ಚಿಕಿತ್ಸೆ ಇಲ್ಲಿ ಲಭ್ಯವಿಲ್ಲದ ಕಾರಣ, ಆ ಸೌಲಭ್ಯವಿರುವ ಇಂಥ ಆಸ್ಪತ್ರೆಗೆ, ಇಂಥ ಉಪಕರಣವಿರುವ ಆಂಬುಲೆನ್ಸಿನಲ್ಲಿ ಕಳುಹಿಸಲಾಗಿದೆ.’